ಸಾಲು ಹೇಳಿಕೊಡುವ ಅರ್ವಿಲ್

ಕಾರ್ಯಕ್ರಮ ಮುಗಿದ ಮೇಲೆ ಸೀಡಿ, ಟೀ ಶರ್ಟು ಮಾರೋ ಮೇಜು ನನ್ನದು. ಅಲ್ಲಿಗೆ ಬಂದ ಜನ ಯಾವ ಊರಲ್ಲಾದರೂ ಕೇಳೋದು ಒಂದೇ ಪ್ರಶ್ನೆ. "ಅಲ್ಲಮ್ಮಾ, ಆ ಆಳೆತ್ತರದ ಪಿಟೀಲಿನಂಥ ಬೇಸ್ ತಬ್ಬಿಕೊಂಡು ನಿಂತಿದ್ದನಲ್ಲ, ಆ ಮನುಷ್ಯ ಒಳಗೆ ಬಾಯಿ ಬಿಡೋದೇ ಇಲ್ಲ. ಈಗ ನೋಡಿದರೆ ಹೊರಗೆ ಕಾರು ನಿಲ್ಲಿಸೋ ಜಾಗದಲ್ಲಿ ನಿಂತು ಹಾಡ್ತಿದ್ದಾನೆ. ಯಾಕೆ?" ನಾನು ಶರ್ಟು ಮಡಚ್ತಾ, "ಒಳಗೆ ಅವನಿಗೆ ಸೆಕೆ ಆಗುತ್ತೆ" ಅಂದುಬಿಡ್ತೀನಿ. ನಿಜ ಹೇಳೋಕೆ ಕೂತರೆ ವ್ಯಾನಿಗೆ ಸಾಮಾನು ತುಂಬೋರು ಯಾರು?

ಇವತ್ತು ಪುರುಸೊತ್ತಿದೆ, ಹೇಳ್ತೀನಿ.

ನಾನು ಓಪಲ್. ಬ್ಯಾಂಜೋ ಬಾರಿಸೋ ಡ್ವೇನ್‌ನ ಹೆಂಡತಿ. ವ್ಯಾನು ಓಡಿಸೋಳೂ ನಾನೇ, ಇವರು ಜಗಳಾಡಿದಾಗ ಬೈಯೋಳೂ ನಾನೇ. ನಮ್ಮ ತಂಡದ ಹೆಸರು ಮಡ್‌ಲಿಕ್ ಬಾಯ್ಸ್. ಹುಡುಗರು ಅಂತ ಹೆಸರಿದ್ದರೂ ನಾಲ್ವರಲ್ಲಿ ಇಬ್ಬರು ಹೆಂಗಸರು. ಮ್ಯಾಂಡೊಲಿನ್ ಬಾರಿಸೋ ರೀಟಾ, ಪಿಟೀಲಿನ ಟ್ಯಾಮಿ. ಏನು ಮಾಡೋದು, ಇವರಿಬ್ಬರೂ ಬರೋ ಹೊತ್ತಿಗೆ ಬ್ಯಾನರ್ ಬರೆಸಿ ಆಗಿತ್ತು. ನಾಲ್ಕನೆಯವನು ಈ ಅರ್ವಿಲ್ ಸ್ಲೋನ್.

ಅರ್ವಿಲ್ ಹುಟ್ಟಿದ್ದು ನಮ್ಮ ಕಣಿವೆಯಲ್ಲೇ, ಲಾರೆಲ್ ತೊರೆಯ ಮೇಲ್ಗಡೆ ತುದೀಲಿ. ಕೆಂಟಕಿಯ ಈ ಮೂಲೆಯ ಗಂಡಸರು ಮಾಡೋದನ್ನೇ ಅವನೂ ಮಾಡಿದ. ಕಲ್ಲಿದ್ದಲು ಗಣಿಗೆ ಇಳಿದ, ಒಳಗೆ ಮೇಲ್ಗಡೆಯ ಬಂಡೆ ಕುಸಿಯದ ಹಾಗೆ ಅದಕ್ಕೆ ಬೋಲ್ಟು ಹೊಡೆಯೋ ಕೆಲಸ ಹಿಡಿದ. ಮದುವೆ ಆಗಿತ್ತು. ಹೆಂಡತಿ ಅಕ್ಕನ ಬಾಣಂತನಕ್ಕೆ ಅಂತ ಓಹಾಯೋಗೆ ಹೋದವಳು ಅಲ್ಲೇ ಉಳಕೊಂಡಳು. ಇವನು ಕರೆಯೋಕೂ ಹೋಗಲಿಲ್ಲ, ಬೈಯಲೂ ಇಲ್ಲ. ಅವನ ಹತ್ತಿರ ಇರೋದೇ ಎರಡು ಮಾತು. ಒಂದು "ಇರಬಹುದು", ಇನ್ನೊಂದು "ಬಿಡು". ಬೇಸ್ ಕಲಿತಿದ್ದಕ್ಕೂ ದೊಡ್ಡ ಕಥೆ ಏನಿಲ್ಲ. ಅವನ ಸೋದರಮಾವ ತೀರಿಕೊಂಡಾಗ ಅವರ ವಾದ್ಯ ಹೊತ್ತೊಯ್ಯುವಷ್ಟು ಉದ್ದದ ಟ್ರಕ್ ಇದ್ದಿದ್ದು ಇವನೊಬ್ಬನ ಹತ್ತಿರ, ಅಷ್ಟೇ.

ಒಂದು ದಿನ ಗಣಿಯೊಳಗೆ ಇವನ ಮಗ್ಗುಲಲ್ಲಿದ್ದವನ ಮೇಲೆ ಬಂಡೆ ಕಳಚಿ ಬಿತ್ತು. ಇವನ ಮೇಲೆ ಬೀಳಲಿಲ್ಲ. ಮುಂದಿನ ಮಾರ್ಚಿನಲ್ಲಿ, ತೊರೆಯ ಅಂಚಲ್ಲಿ ಇನ್ನೂ ಮಂಜುಗಡ್ಡೆ ಇರೋವಾಗಲೇ, ಅರ್ವಿಲ್ ದೀಕ್ಷೆಗೆ ಅಂತ ನೀರಲ್ಲಿ ಮುಳುಗೆದ್ದು ಅವರಮ್ಮನ ಚರ್ಚಿಗೆ ಸೇರಿಕೊಂಡ. ಆ ಚರ್ಚು ಹಳೇ ಕಾಲದ್ದು. ಪಿಯಾನೋ ಇಲ್ಲ, ಗಿಟಾರ್ ಇಲ್ಲ, ಹಾಡಿನ ಪುಸ್ತಕದಲ್ಲಿ ಸ್ವರದ ಗುರುತೂ ಇಲ್ಲ. ಒಬ್ಬ ಎದ್ದು ನಿಂತು ಒಂದು ಸಾಲನ್ನ ಬೇಗ ಬೇಗ ಹೇಳಿಕೊಡ್ತಾನೆ. ಮಿಕ್ಕವರು ಅದನ್ನೇ ಎತ್ತಿಕೊಂಡು, ಉಸಿರು ಇರೋ ತನಕ ಎಳೆದು ಎಳೆದು ಹಾಡ್ತಾರೆ. ಹಾಡ್ತಾ ಹಾಡ್ತಾ ಎದ್ದು ಬಂದು ಒಬ್ಬರ ಕೈ ಒಬ್ಬರು ಹಿಡೀತಾರೆ, ತಬ್ಬಿಕೊಳ್ತಾರೆ. ಆ ಕೈ ಹಿಡಿದರೆ ನೀನು ನಮ್ಮವನು ಅಂತ ಅರ್ಥ. ಅಲ್ಲಿ ಸಾಲು ಹೇಳಿಕೊಡೋ ಪಾಳಿ ಅರ್ವಿಲ್‌ಗೆ ಬಂತು. ದಿನಕ್ಕೆ ಎರಡು ಮಾತಾಡೋ ಮನುಷ್ಯನ ಗಂಟಲೊಳಗೆ ಇಂಥದ್ದೊಂದು ಇತ್ತು ಅಂತ ಯಾರಿಗೆ ಗೊತ್ತಿತ್ತು? ಮೊದಲ ಸಲ ಕೇಳಿದಾಗ, ಚರ್ಚು ಗಿರ್ಚು ಅಂದರೆ ಆಗದ ನಾನು ಕೂಡ ಎದ್ದು ಹೋಗೋದನ್ನ ಮರೆತೆ.

ಅವನು ನಮ್ಮ ಜೊತೆ ಬೇಸ್ ಬಾರಿಸೋಕೆ ಬರೋದಕ್ಕೆ ಚರ್ಚಿನವರ ತಕರಾರೇನೂ ಇರಲಿಲ್ಲ. ವಾದ್ಯ ವಾದ್ಯದ ಜಾಗದಲ್ಲಿ, ದೇವರ ಹಾಡು ಅದರ ಜಾಗದಲ್ಲಿ ಇದ್ದರೆ ಸರಿ ಅಂದಿದ್ದರು. ಎಲ್ಲ ಸರಿಯಾಗೇ ಇತ್ತು, ನಮ್ಮ ರೀಟಾ ತಲೆಗೆ ಹುಳ ಹೊಕ್ಕೋ ತನಕ.

ನಾವು ಬಾರಿಸೋದು ಬ್ಲೂಗ್ರಾಸ್, ನಮ್ಮ ಬೆಟ್ಟದ ಕಡೆಯ ತಂತಿವಾದ್ಯಗಳ ಸಂಗೀತ. ಬ್ಲೂಗ್ರಾಸ್ ಅಂದರೆ ವೇಗ. ಒಂದೇ ಮೈಕಿನ ಸುತ್ತ ಎಲ್ಲರೂ ಗುಂಪು ಕಟ್ಟಿಕೊಂಡು, ಒಬ್ಬೊಬ್ಬರಾಗಿ ಮುಂದೆ ನುಗ್ಗಿ ತಮ್ಮ ಕೈಚಳಕ ತೋರಿಸಿ ಹಿಂದೆ ಸರಿಯೋದು. ಕೇಳೋಕೆ ಬರೋರಿಗೂ ಅದೇ ಬೇಕು. ರೀಟಾ ಒಂದು ಸಲ ಸ್ಮಶಾನದಲ್ಲಿ, ಯಾರದ್ದೋ ನೆನಪಿನ ದಿನ, ಅರ್ವಿಲ್ ಸಾಲು ಹೇಳಿಕೊಡೋದನ್ನ ಕೇಳಿದಳು. ವಾಪಸ್ ಬರ್ತಾ ವ್ಯಾನಲ್ಲೇ ಶುರು ಹಚ್ಚಿಕೊಂಡಳು.

"ಶೋ ನಡುವೆ ಎಲ್ಲ ವಾದ್ಯಾನೂ ನೆಲಕ್ಕಿಡೋಣ. ಅರ್ವಿಲ್ ಒಬ್ಬನೇ ನಿಂತು ಸಾಲು ಹೇಳಲಿ, ನಾವು ಮೂರು ಜನ ಎತ್ತಿಕೊಳ್ಳೋಣ."

"ಜನ ಎದ್ದು ಹೋಗ್ತಾರೆ ಕಣೇ" ಅಂದ ಡ್ವೇನ್.

"ಹೋಗಲಿ. ಹೊರಗೆ ಹೋಗಿ ಹಾಟ್‌ಡಾಗ್ ತಿಂದು ಬರ್ತಾರೆ. ಏನಂತೀಯ ಅರ್ವಿಲ್?"

"ಇರಬಹುದು" ಅಂದ ಅರ್ವಿಲ್. ಅವನು ಒಪ್ಪಿದ್ದು ಹಾಗೆ.

ಜನ ಎದ್ದು ಹೋಗಲಿಲ್ಲ. ಉತ್ತರದ ದೊಡ್ಡ ಊರುಗಳಲ್ಲಿ ಅತ್ತರು ಕೂಡ. ತಕರಾರು ಬಂದಿದ್ದು ದೊಡ್ಡ ಹ್ಯಾಟು ಹಾಕಿಕೊಂಡು ಮುಂದಿನ ಸಾಲಲ್ಲಿ ಮಡಚೋ ಕುರ್ಚಿ ಹಾಕೋ ಗಂಡಸರಿಂದ. ಒಬ್ಬ ನನ್ನ ಮೇಜಿಗೇ ಬಂದು ಬೆರಳು ಕುಟ್ಟಿದ. "ಇದು ಬ್ಲೂಗ್ರಾಸ್ ಅಲ್ಲವೇ ಅಲ್ಲ. ನೀವು ಸಂಪ್ರದಾಯ ಹಾಳುಮಾಡ್ತಿದ್ದೀರಿ." ಪಕ್ಕದಲ್ಲೇ ಇದ್ದ ರೀಟಾ ಬಿಡ್ತಾಳಾ? "ನಿಮ್ಮ ಸಂಪ್ರದಾಯಕ್ಕೆ ಎಷ್ಟು ವಯಸ್ಸಾಯ್ತು ಸ್ವಾಮೀ? ನಮ್ಮಜ್ಜಿಗಿಂತ ಚಿಕ್ಕದು ಅದು. ಇವನು ಹಾಡ್ತಿರೋದು ನಮ್ಮಜ್ಜಿಯ ಮುತ್ತಜ್ಜಿಗೂ ಹಳೇದು" ಅಂದಳು. ಆದರೂ ಆ ಮನುಷ್ಯ ಒಂದು ಶರ್ಟು ತಗೊಂಡು ಹೋದ.

ಅರ್ವಿಲ್‌ಗೆ ಮಾತ್ರ ಒಂದು ಮುಳ್ಳು ಇತ್ತು. ಇವರು ಮೂರು ಜನ ಸಾಲು ಎತ್ತಿಕೊಳ್ಳುವಾಗ ಸುಮ್ಮನೆ ಇರ್ತಿರಲಿಲ್ಲ. ಒಬ್ಬರು ಮೇಲೆ, ಒಬ್ಬರು ಕೆಳಗೆ, ಒಬ್ಬರು ನಡುವೆ ಅಂತ ಚಂದವಾಗಿ ಸ್ವರ ಹೊಂದಿಸಿ ಹಾಡ್ತಿದ್ದರು. ಚರ್ಚಿನಲ್ಲಿ ಹಾಗಿಲ್ಲ. ಎಲ್ಲರದ್ದೂ ಒಂದೇ ಸ್ವರ, ಒಬ್ಬ ಮುಂದೆ, ಒಬ್ಬ ಹಿಂದೆ, ಒರಟಾಗಿ. "ಎಲ್ಲರೂ ಒಂದೇ ಹಾಡಿ" ಅಂದ ಒಂದು ಸಲ. ಟ್ಯಾಮಿ, "ಬೋಳು ಬೋಳಾಗಿ ಕೇಳುತ್ತೆ ಅರ್ವಿಲ್" ಅಂದಳು. "ಇರಬಹುದು. ಬಿಡು" ಅಂದ. ಎರಡು ಮಾತೂ ಒಟ್ಟಿಗೆ ಬಂದರೆ ಅವನಿಗೆ ನಿಜವಾಗಲೂ ನೋವಾಗಿದೆ ಅಂತ ನಮಗೆ ಆಮೇಲೆ ತಿಳೀತು.

ಯಾರೋ ಫೋನಲ್ಲಿ ತೆಗೆದು ಇಂಟರ್‌ನೆಟ್ಟಿಗೆ ಹಾಕಿದ ವಿಡಿಯೋ ಊರಿಗೆ ಬಂತು. ಚರ್ಚಿನ ಹಿರಿಯ ಬ್ರದರ್ ಕ್ಲೆಟಸ್, ಇನ್ನಿಬ್ಬರನ್ನ ಕರಕೊಂಡು ಅರ್ವಿಲ್ ಮನೆಗೆ ಬಂದರು. ಕ್ಲೆಟಸ್ ಬುಲ್ಡೋಜರ್ ಓಡಿಸ್ತಿದ್ದ ಆಳು, ಮೊರದಗಲ ಕೈ, ಕೆಟ್ಟ ಮನುಷ್ಯ ಅಲ್ಲ. ಅರ್ವಿಲ್ ಇರೋದು ಅಮ್ಮನ ಮನೆ ದಿಬ್ಬದ ಬುಡದಲ್ಲೇ ನಿಲ್ಲಿಸಿರೋ, ಟ್ರೇಲರ್ ಅನ್ನೋ ಗಾಲಿ ಮನೇಲಿ. ಮಾತುಕತೆ ನಡೆದಿದ್ದು ಅಮ್ಮನ ಮನೆ ಜಗಲಿ ಮೇಲೆ. ನಾನು ಅವರಮ್ಮನಿಗೆ ಅಂತ ಆಚೆ ಕಡೆ ಬೀನ್ಸ್ ಬಿಡಿಸ್ತಾ ಕೂತಿದ್ದೆ. ಎದ್ದು ಹೋಗು ಅಂತ ಯಾರೂ ಹೇಳಲಿಲ್ಲ, ನಾನೂ ಹೋಗಲಿಲ್ಲ.

"ಬ್ರದರ್ ಅರ್ವಿಲ್, ಜನ ಟಿಕೆಟ್ ತಗೊಂಡು ಕೂತಿರೋ ಕಡೆ ನಮ್ಮ ಹಾಡು ಹಾಡಿದ್ದು ಹೌದಾ?"

"ಹೌದು."

"ತಪ್ಪಾಯ್ತು ಅಂತೀಯಾ?"

"ಹಾಡುವಾಗ ತಪ್ಪು ಅನ್ನಿಸಲಿಲ್ಲ, ಬ್ರದರ್. ಸುಳ್ಳು ಹೇಳಲಾ?"

"ಬೇಡ" ಅಂದರು ಕ್ಲೆಟಸ್. ಅವರ ಕಣ್ಣಲ್ಲಿ ನೀರಿತ್ತು, ನಾನೇ ನೋಡಿದೆ. ಮುಂದಿನ ಶನಿವಾರದ ಸಭೆಯಲ್ಲಿ ಅರ್ವಿಲ್‌ನನ್ನ ಹೊರಗಿಟ್ಟರು.

ಹೊರಗೆ ಅಂದರೆ ಬಾಗಿಲು ಹಾಕಲ್ಲ. ಬಂದು ಹಿಂದಿನ ಬೆಂಚಲ್ಲಿ ಕೂರಬಹುದು. ಸಾಲು ಹೇಳಿಕೊಡೋ ಹಾಗಿಲ್ಲ. ಚರ್ಚಿನ ಯಾರೂ ಅವನ ಕೈ ಹಿಡಿಯಲ್ಲ. ಹಾಡು ಶುರುವಾಗಿ ಎಲ್ಲರೂ ಎದ್ದು ಓಡಾಡಿ ಕೈ ಹಿಡಿಯೋವಾಗ, ಅವನ ಬೆಂಚಿನ ತನಕ ಬಂದು ತಿರುಗಿ ಹೋಗ್ತಾರೆ. ಅರ್ವಿಲ್ ಊರಲ್ಲಿದ್ದ ಒಂದು ಭಾನುವಾರಾನೂ ತಪ್ಪಿಸಲಿಲ್ಲ. ಬಂದು ಕೂತು, ಕೈ ಮಂಡಿ ಮೇಲಿಟ್ಟುಕೊಂಡು, ಎದ್ದು ಹೋಗ್ತಿದ್ದ.

ಹಾಗೆ ತಿರುಗಿ ಹೋಗ್ತಿದ್ದವರಲ್ಲಿ ಅವರಮ್ಮ ಡೆಲ್ಫಜ್ಜಿಯೂ ಒಬ್ಬರು.

ಇದು ನನಗೆ ಮೈ ಉರಿಸಿದ ಸಂಗತಿ. ಎಂಬತ್ತು ದಾಟಿದ ಮುದುಕಿ, ಮಂಡಿ ಎರಡೂ ಹೋಗಿವೆ, ಇರೋನು ಒಬ್ಬನೇ ಮಗ. ಅವನಿಗೆ ಬೀನ್ಸ್ ಬೇಯಿಸ್ತಾರೆ, ಜೋಳದ ರೊಟ್ಟಿ ಮಾಡ್ತಾರೆ, ಅವನ ಅಂಗಿಗೆ ಗುಂಡಿ ಹಾಕಿಕೊಡ್ತಾರೆ. ಕೈ ಮಾತ್ರ ಮುಟ್ಟಲ್ಲ. ತಟ್ಟೆ ಕೊಡಬೇಕಾದರೂ ಮೇಜಿನ ಮೇಲಿಟ್ಟು ತಳ್ಳೋರು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಅಜ್ಜೀ, ಹೆತ್ತ ಮಗ ಕಣಜ್ಜೀ! ಕ್ಲೆಟಸ್ ಏನು ನಿಮ್ಮ ಅಡುಗೆಮನೇಲಿ ಬಂದು ನೋಡ್ತಾನಾ?"

"ಹೆತ್ತಿದ್ದು ನಾನು, ನೀನೇನು ನೆನಪು ಮಾಡಬೇಕಿಲ್ಲ" ಅಂದರು ಡೆಲ್ಫಜ್ಜಿ. "ನಾನೊಬ್ಬಳೇ ಹಿಡಿದರೆ ಅದು ಅಮ್ಮನ ಕೈ ಆಗುತ್ತೆ. ಅವನಿಗೆ ಬೇಕಾಗಿರೋದು ಚರ್ಚಿನ ಕೈ. ಅದರ ಬದಲು ಇದು ಅಂತ ಕೊಟ್ಟು ಸಮಾಧಾನ ಮಾಡೋಕೆ ಅವನೇನು ಮಗುವಾ?"

"ಕಲ್ಲು ನಿಮ್ಮ ಮನಸ್ಸು."

"ಇರಬಹುದು" ಅಂದರು. ಮಗನಿಗೆ ಆ ಮಾತು ಎಲ್ಲಿಂದ ಬಂತು ಅಂತ ಆವತ್ತು ಗೊತ್ತಾಯ್ತು.

ಅರ್ವಿಲ್ ಈ ವಿಷಯ ಎತ್ತಿದ್ದು ಒಂದೇ ಒಂದು ಸಲ. ಟೆನ್ನೆಸ್ಸಿಯಿಂದ ಬರ್ತಿದ್ವಿ, ಮಿಕ್ಕವರು ಹಿಂದೆ ಮಲಗಿದ್ದರು. ನನ್ನ ಪಕ್ಕದ ಸೀಟಲ್ಲಿ ಕೂತಿದ್ದವನು ಇದ್ದಕ್ಕಿದ್ದ ಹಾಗೆ, "ಅಮ್ಮನ ಕೈ ಮುಟ್ಟಿ ಎರಡು ಚಳಿಗಾಲ ಆಯ್ತು, ಓಪಲ್" ಅಂದ. ಇನ್ನೊಂದು ಚಳಿಗಾಲ ಆ ಮುದುಕಿ ಕಾಣ್ತಾರೋ ಇಲ್ಲವೋ ಅನ್ನೋದು ಇಬ್ಬರಿಗೂ ಗೊತ್ತಿತ್ತು. "ಹಾಗಾದರೆ ತಪ್ಪಾಯ್ತು ಅಂದುಬಿಡೋ ಮಾರಾಯ, ಮುಗಿದುಹೋಗಲಿ" ಅಂದೆ. ತಲೆ ಅಲ್ಲಾಡಿಸಿದ. ಅಮ್ಮನಿಗೆ ಸುಳ್ಳು ಹೇಳಿ ಅವರ ಕೈ ಹಿಡಿಯೋದು ಹೇಗೆ ಅಂತ ಕೇಳಿದ. ನಾನು ಗೇರು ಬದಲಾಯಿಸಿದೆ.

ಆ ಜುಲೈನಲ್ಲಿ ತೊರೆ ಉಕ್ಕಿ ಬಂತು. ಬ್ಲೂಗ್ರಾಸ್ ಹಾಡುಗಳಲ್ಲಿ ಬರೋ ಹಾಗಲ್ಲ. ಮನೆ, ಟ್ರಕ್ಕು, ಪ್ರೊಪೇನ್ ಸಿಲಿಂಡರು ಎಲ್ಲ ಒಟ್ಟಿಗೆ ತೇಲಿ ಹೋಗೋ ಹಾಗೆ. ಅರ್ವಿಲ್‌ನ ಟ್ರೇಲರ್ ಕೆಳಗಿನ ಸೇತುವೆಗೆ ಸಿಕ್ಕಿ ಮುರೀತು. ಅಮ್ಮನ ಮನೆ ದಿಬ್ಬದ ಮೇಲಿತ್ತು, ಉಳೀತು. ಚರ್ಚಿನೊಳಗೆ ಎದೆಮಟ್ಟ ನೀರು ನಿಂತು ಬೆಂಚುಗಳೆಲ್ಲ ಚೆಲ್ಲಾಪಿಲ್ಲಿ. ಶಾಲೆಯ ಆಟದ ಹಾಲ್‌ನಲ್ಲಿ ಮಂಚ ಹಾಕಿ ಜನರನ್ನ ಇಟ್ಟಿದ್ದರು. ಚರ್ಚಿನವರೇ ಅಲ್ಲಿ ಅಡುಗೆಗೆ ನಿಂತರು. ಒಂದು ಮಧ್ಯಾಹ್ನ, ಜನರ ಮನಸ್ಸಿಗೆ ಸ್ವಲ್ಪ ಹಗುರ ಆಗಲಿ ಅಂತ ನಮ್ಮ ತಂಡವನ್ನ ಕರೆದರು. ವೇದಿಕೆ ಇಲ್ಲ, ಮೈಕಿಲ್ಲ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕಂಬದ ಕೆಳಗೆ ನಿಂತು ಬಾರಿಸಿದ್ದು.

ರೀಟಾ ಮೊದಲೇ ಹೇಳಿದ್ದಳು. "ಇವತ್ತು ಅದು ಬೇಡ ಅರ್ವಿಲ್. ಕ್ಲೆಟಸ್ ಅಲ್ಲೇ ಸೌಟು ಹಿಡಿದು ನಿಂತಿದ್ದಾರೆ."

"ಹ್ಞೂಂ" ಅಂದ ಅರ್ವಿಲ್.

ವೇಗದ ಹಾಡು ನಾಲ್ಕೈದು ಬಾರಿಸಿದರು. ಕೆಸರು ಬೂಟಿನ ಜನ ಚಪ್ಪಾಳೆ ತಟ್ಟಿದರು, ಮರ್ಯಾದೆಗೆ. ಯಾರ ಮುಖವೂ ಅರಳಲಿಲ್ಲ. ಆಮೇಲೆ ಮುಂದಿನ ಮಂಚದಲ್ಲಿದ್ದ ಎಸ್ಟಿಲ್ ಅನ್ನೋ ಮುದುಕ, ಮನೆ ಜೊತೆ ಹೆಂಡತಿಯನ್ನೂ ಆ ನೀರಿಗೆ ಕಳಕೊಂಡವನು, ಕೈ ಎತ್ತಿದ. "ಅರ್ವಿಲ್, ಇದೆಲ್ಲ ಸಾಕು ಕಣೋ. ನಿಮ್ಮಜ್ಜ ಕಟ್ಟಿದ ಹಾಡು ಇದೆಯಲ್ಲ, ಅದನ್ನ ಹೇಳು. ನಮ್ಮವಳು ಅದನ್ನ ಹಾಡ್ತಿದ್ದಳು."

ಅರ್ವಿಲ್ ರೀಟಾ ಕಡೆ ನೋಡಲಿಲ್ಲ, ಕ್ಲೆಟಸ್ ಕಡೆಯೂ ನೋಡಲಿಲ್ಲ. ಬೇಸನ್ನ ಮಗ್ಗುಲಾಗಿ ನೆಲಕ್ಕೆ ಮಲಗಿಸಿದ. ಒಂದು ಕೈ ಕಿವಿಗಿಟ್ಟು ಸಾಲು ಹೇಳಿದ: "ಹೊಳೆಯ ಈ ದಡ ನನ್ನದಲ್ಲ, ಆ ದಡ ಕಂಡಿಲ್ಲ."

ಡ್ವೇನ್, ರೀಟಾ, ಟ್ಯಾಮಿ ತಮ್ಮ ಮೂರು ಸ್ವರಕ್ಕೆ ಉಸಿರು ತಗೊಂಡರು. ಅವರು ಬಾಯಿ ತೆರೆಯೋ ಮೊದಲೇ ಹಿಂದಿನಿಂದ ಹಾಡು ಬಂತು. ಅಡುಗೆ ಮೇಜಿನ ಹತ್ತಿರದಿಂದ, ಒರಟಾಗಿ, ಒಂದೇ ಸ್ವರದಲ್ಲಿ, ಹಾಲ್‌ನ ತಗಡಿನ ಸೂರು ಗುಂಯ್ ಅನ್ನೋ ಹಾಗೆ. ಹೊರಗಿಟ್ಟವನು ಹೇಳಿದ ಸಾಲು ಹಾಡಬಾರದು ಅಂತ ಚರ್ಚಿನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಸಾಲು ಹೇಳಿದ ಮೇಲೆ ಎತ್ತಿಕೊಳ್ಳದೇ ಬಿಡೋದು ಆ ಜನಕ್ಕೆ ಅಭ್ಯಾಸವೇ ಇಲ್ಲ. ಯಾರಾದರೂ ಕೂಸನ್ನ ನಿಮ್ಮ ಕಡೆ ಚಾಚಿದರೆ ನೀವು ಯೋಚನೆ ಮಾಡ್ತೀರಾ? ಹಾಗೆ. ನಮ್ಮ ಮೂರು ಜನ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡಿದ್ದೇ ಒಳ್ಳೆಯದಾಯ್ತು.

ಎರಡನೇ ಸಾಲಿಗೆ ಬ್ರದರ್ ಕ್ಲೆಟಸ್ ಸೌಟು ಕೆಳಗಿಟ್ಟರು. ಕಣ್ಣು ಅರ್ಧ ಮುಚ್ಚಿತ್ತು. ಪಕ್ಕದವರ ಕೈ ಹಿಡಿದರು, ಅವರ ಪಕ್ಕದವರ ಕೈ ಹಿಡಿದರು, ಮಂಚಗಳ ನಡುವೆ ಹಾಡ್ತಾ ಬಂದರು. ಎಸ್ಟಿಲ್‌ನನ್ನ ತಬ್ಬಿಕೊಂಡರು. ಅಲ್ಲಿಂದ ಮುಂದೆ ನಿಂತಿದ್ದು ಅರ್ವಿಲ್. ಆ ಮೊರದಗಲ ಕೈ ಮುಂದೆ ಬಂತು, ಅರ್ವಿಲ್‌ನ ಕೈ ಹಿಡೀತು. ಕ್ಲೆಟಸ್ ಹಿಂದೆ ಬರ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಅವನ ಕೈ ಹಿಡಿದರು. ಹಾಡು ಮುಗಿಯೋ ತನಕ ಯಾರಿಗೂ ಎಚ್ಚರ ಇರಲಿಲ್ಲ.

ಮುಗಿದ ಮೇಲೆ ಕ್ಲೆಟಸ್ ಕಣ್ಣು ಬಿಟ್ಟು ತಮ್ಮ ಕೈಯನ್ನೇ ನೋಡಿಕೊಂಡರು. "ಅಯ್ಯೋ ದೇವರೇ" ಅಂದರು. ಸೀದಾ ವಾಪಸ್ ಹೋಗಿ ಸೌಟು ಹಿಡಿದು ಬೀನ್ಸ್ ಬಡಿಸೋಕೆ ನಿಂತರು. ಬಟ್ಟಲು ತುಂಬಿ ಚೆಲ್ಲಿದರೂ ನಿಲ್ಲಿಸಲಿಲ್ಲ.

ಡೆಲ್ಫಜ್ಜಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಬಾಯಿ ಹಾಡಿತ್ತು. ಕೈ ಎರಡೂ ಏಪ್ರನ್ನಿನ ಕೆಳಗಿತ್ತು.

ಶನಿವಾರದ ಸಭೆ ಕ್ಲೆಟಸ್ ಅವರ ಟ್ರಾಕ್ಟರ್ ಶೆಡ್ಡಿನಲ್ಲಿ ಆಯ್ತು, ಚರ್ಚಿನ ಕೆಸರು ಇನ್ನೂ ಒಣಗಿರಲಿಲ್ಲ. ಡೆಲ್ಫಜ್ಜಿಯನ್ನ ಕಾರಲ್ಲಿ ಕರಕೊಂಡು ಹೋಗಿದ್ದು ನಾನು, ಹಾಗಾಗಿ ಒಂದು ಟೈರಿನ ಮೇಲೆ ನನಗೂ ಜಾಗ ಸಿಕ್ತು. ಕ್ಲೆಟಸ್ ಎದ್ದು ನಿಂತರು.

"ಇವತ್ತು ಒಬ್ಬರ ಮೇಲೆ ದೂರಿದೆ. ನನ್ನ ಮೇಲೆ. ಹೊರಗಿಟ್ಟವನ ಕೈ ಹಿಡಿದೆ. ಹಾಡುವಾಗ ಹಿಡಿದ ಕೈಯನ್ನ ಆಮೇಲೆ ಇಲ್ಲ ಅನ್ನೋದು ನನಗೆ ಗೊತ್ತಿಲ್ಲ. ನನ್ನನ್ನೂ ಹೊರಗಿಡಿ, ಇಲ್ಲಾ ಅವನನ್ನ ಒಳಗೆ ಕರೀರಿ."

ಎದುರು ಮಾತಾಡೋ ಹಾಗಿದ್ದವರೆಲ್ಲ ಅದೇ ತಪ್ಪು ಮಾಡಿದ್ದರು. ಕೊನೆಗೆ ಒಬ್ಬರು ಹಿಂದೆ ಕೂತಿದ್ದ ಅರ್ವಿಲ್‌ನನ್ನ ಕೇಳಿದರು, ಈಗೇನಂತೀಯ ಅಂತ.

"ನಿಮ್ಮ ಮನಸ್ಸು ನೋಯಿಸಿದ್ದಕ್ಕೆ ಕ್ಷಮಿಸಿ" ಅಂದ ಅರ್ವಿಲ್. "ಹಾಡಿದ್ದು ತಪ್ಪು ಅಂತ ಈಗಲೂ ಅನ್ನಿಸಲ್ಲ. ಆದರೆ ಟಿಕೆಟ್ ಇಟ್ಟಿರೋ ಜಾಗದ ಒಳಗೆ ಇನ್ನು ಹಾಡಲ್ಲ. ಹೊರಗೆ ನಿಂತು ಹಾಡಿದಾಗ ಯಾರಾದರೂ ಬಂದು ಕೇಳಿದರೆ, ಓಡಿಸೋದೂ ಇಲ್ಲ."

ನಮ್ಮ ಕಾರು ನಿಲ್ಲಿಸೋ ಜಾಗದ ಹಾಡು ಹುಟ್ಟಿದ್ದು ಅಲ್ಲಿ. ರೀಟಾ ಇದನ್ನ ಕೇಳಿ ಒಂದು ವಾರ ಅವನ ಜೊತೆ ಮಾತು ಬಿಟ್ಟಳು. ಈಗ ಅದು ತನ್ನದೇ ಐಡಿಯಾ ಅಂತ ರೇಡಿಯೋದವರಿಗೆ ಹೇಳಿಕೊಂಡು ತಿರುಗ್ತಾಳೆ.

ಚರ್ಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಗಬಹುದು ಅಂದರು. ಕ್ಲೆಟಸ್ ಕಡೇ ಪ್ರಶ್ನೆ ಕೇಳಿದರು. ಅದನ್ನ ಕೇಳಲೇಬೇಕು, ಒಬ್ಬರು ಹೌದು ಅಂದರೂ ಎಲ್ಲ ನಿಂತುಹೋಗುತ್ತೆ. "ಈ ಸಹೋದರನ ಮೇಲೆ ಯಾರ ಮನಸ್ಸಿನಲ್ಲಾದರೂ ಇನ್ನೂ ನೋವಿದೆಯಾ?"

"ನನಗಿದೆ" ಅಂದರು ಡೆಲ್ಫಜ್ಜಿ.

ನನಗೆ ಎದ್ದು ಆ ಮುದುಕಿ ಬಾಯಿ ಮುಚ್ಚಿಸೋಣ ಅನ್ನಿಸಿತು.

"ಹೇಳಿ, ಸಿಸ್ಟರ್ ಡೆಲ್ಫಾ" ಅಂದರು ಕ್ಲೆಟಸ್.

"ನಿಯಮ ನಿಯಮ ಅಂತ ಎರಡು ವರ್ಷ ನಾನು ಅವನ ಮೈ ಮುಟ್ಟಲಿಲ್ಲ" ಅಂದರು. "ಆವತ್ತು ಹಾಲ್‌ನಲ್ಲಿ ನೀವೆಲ್ಲ ಮೈಮರೆತು ಹೋಗಿ ಅವನ ಕೈ ಹಿಡಿದಿರಿ. ಒಬ್ಬರೂ ಬಿಡಲಿಲ್ಲ. ಮೈಮರೆಯದೇ ಕೂತಿದ್ದವಳು ನಾನೊಬ್ಬಳೇ. ಈಗ ಊರಿಗೆಲ್ಲ ಅವನ ಕೈ ಸಿಕ್ಕಿದೆ, ನನಗೆ ಸಿಕ್ಕಿಲ್ಲ. ನೋವಾಗಲ್ವಾ ನನಗೆ?"

ಕ್ಲೆಟಸ್ ಅರ್ವಿಲ್ ಕಡೆ ನೋಡಿ ತಲೆ ಆಡಿಸಿದರು. ಅರ್ವಿಲ್ ಎದ್ದು, ಹಿಂದಿನ ಜಾಗದಿಂದ ಮುಂದಿನ ತನಕ ನಡೆದು ಬಂದು, ಅಮ್ಮನ ಕುರ್ಚಿ ಮುಂದೆ ಮಂಡಿಯೂರಿ ಕೈ ಚಾಚಿದ. ಡೆಲ್ಫಜ್ಜಿ ತಮ್ಮ ಎರಡೂ ಕೈ ಏಪ್ರನ್ನಿಗೆ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡರು. ಆಮೇಲೆ ಅವನ ಕೈಯನ್ನ ಎರಡೂ ಕೈಯಲ್ಲಿ ಹಿಡಿದು, ಮಗುಚಿ ಮಗುಚಿ ನೋಡಿದರು.

"ಎಷ್ಟು ತಣ್ಣಗಿದೆಯೋ" ಅಂದರು. "ಬೆಳಿಗ್ಗೆ ಏನಾದರೂ ತಿಂದ್ಯಾ?"